ಟೀಚರಿಗೆ ಯಾವ ಕಂಪನಿಯ ಫೋನು?

ಈ ಸಲ ಎಲ್ಲಾ ಸತ್ಯ ಮಾರಾಯ್ತಿ. ಒಂದು ಅಕ್ಷರ ಆಚೀಚೆ ಇಲ್ಲ. ಬೇಕಾದ್ರೆ ನಾನು ಜೀವಮಾನ ಇಡೀ ದೋಸೆ ಹುಯ್ದ ಹೋಟೆಲಿನ ಕಾವಲಿಯ ಮೇಲೆ ಕೈಯಿಟ್ಟು ಆಣೆ ಮಾಡ್ತೇನೆ. ಈಗ ಅದನ್ನು ಗುಜರಿಗೆ ಹಾಕಿದ್ದಾರೆ, ತಣ್ಣಗಿರ್ತದೆ, ಹೆದರಿಕೆ ಇಲ್ಲ. ಈ ಮುಲುಂಡಿನಲ್ಲಿ ಜನ ನನ್ನ ಬಗ್ಗೆ ಏನೇನೋ ಹೇಳ್ತಾರೆ, ಒಂದಿದ್ರೆ ನಾಲ್ಕು ಮಾಡಿ ಹೇಳ್ತಾನೆ ಅಂತ. ಶುದ್ಧ ಸುಳ್ಳು. ಎರಡರ ಮೇಲೆ ನಾನು ಹೋದದ್ದೇ ಇಲ್ಲ.

ಕೂತ್ಕೊ. ಟೀಚರ್ ಗಿರಣಿಗೆ ಹೋಗಿದ್ದಾಳೆ ಅಕ್ಕಿ ಹಿಟ್ಟು ಮಾಡಿಸ್ಲಿಕ್ಕೆ, ಈಗ ಬರ್ತಾಳೆ. ನೀನು ಮರಾಠಿ ಮನೆಯ ಹುಡುಗಿ, ನಮ್ಮ ಕನ್ನಡದವರ ಮನೆಗೆ ಸೊಸೆಯಾಗಿ ಬಂದವಳು, ನನ್ನ ಹೆಂಡತಿಯ ಹತ್ತಿರ ಕನ್ನಡ ಕಲೀತಿದ್ದಿ. ಪಾಪ, ಕಾಂದಿವಲಿಯಿಂದ ಇಷ್ಟು ದೂರ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಅಂಕಲ್, ಟೀಚರ್ ಫೋನ್ ಕೌನ್ಸಾ ಕಂಪನಿ? ಅತ್ತೆಗೆ ಸೇಮ್ ಕೊಡ್ಬೇಕು."

ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಆದ್ರೆ ನಾನು ಒಂದು ಸಾಮಾನು ತರ್ಲಿಕ್ಕೆ ಹೊರಟ್ರೆ ಸೀದಾ ಹೋಗಿ ಸೀದಾ ಬಂದದ್ದು ಈ ಜನ್ಮದಲ್ಲಿ ಇಲ್ಲ. ಏನಾದ್ರೂ ಆಗೇ ಆಗ್ತದೆ. ಚಾ ಕುಡಿ. ಅರ್ಥ ಆಗದಿದ್ರೆ ಕೈ ಎತ್ತು.

ಮೊದಲು, ಫೋನು ಯಾಕೆ ಬೇಕಾಯ್ತು ಅಂತ ಕೇಳು. ನನ್ನ ಹೆಂಡತಿ ಉಡುಪಿಯಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿದವಳು. ಮುಗಿದ ಕೂಡ್ಲೇ ನನ್ನನ್ನು ಮದುವೆಯಾಗಿ ಮುಂಬಯಿಗೆ ಬಂದಳು. ಇಲ್ಲಿ ಅವಳಿಗೆ ಸಿಕ್ಕಿದ ವಿದ್ಯಾರ್ಥಿ ನಾನೊಬ್ಬನೇ, ನಾನೂ ಪಾಸಾಗ್ಲಿಲ್ಲ. ಹೀಗಿರುವಾಗ ನಮ್ಮ ಏರಿಯಾದ ಕನ್ನಡ ಸಂಘದವರು, ಬೇರೆ ಭಾಷೆಯ ಸೊಸೆಯಂದಿರಿಗೆ ಭಾನುವಾರ ಭಾನುವಾರ ಫೋನಿನಲ್ಲೇ ಕನ್ನಡ ಕ್ಲಾಸು ಅಂತ ಹೊರಡಿಸಿದ್ರು. ಸಂಘದವರು ಸಂಸ್ಕೃತಿ ಅಂತ ಏನೋ ಭಾಷಣ ಮಾಡಿದ್ರು. ಸೊಸೆಯಂದಿರಿಗೆ ಬೇಕಾದದ್ದು ಇಷ್ಟೇ: ಅತ್ತೆ ತಮ್ಮ ಎದುರಿಗೇ ಕೂತು ಊರಿಗೆ ಫೋನು ಹಚ್ಚಿ ತಮ್ಮ ಬಗ್ಗೆ ಎಂತ ಹೇಳ್ತಾರೆ ಅಂತ ತಿಳೀಬೇಕು. ಹೆಸರು ಕೊಡ್ಲಿಕ್ಕೆ ನೂಕುನುಗ್ಗಲು.

ಕಲಿಸೋದು ಯಾರು ಅಂತ ಸಭೆಯಲ್ಲಿ ಕೇಳಿದಾಗ ನನ್ನವಳು ಕೈ ಎತ್ತಿದಳು. ಮದುವೆಯಾದ ಮೇಲೆ ಅವಳು ತನಗೋಸ್ಕರ ಅಂತ ಕೈ ಎತ್ತಿದ್ದು ಅದೇ ಮೊದಲು.

ಆದ್ರೆ ಅವಳ ಫೋನು? ನಾನು ಬಳಸಿ ಬಿಟ್ಟದ್ದು. ನಾಲ್ಕು ಮಾತಾಡುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆಯ ಹಾಗೆ ಬಿಸಿಯಾಗಿ ಆರಿಹೋಗ್ತಿತ್ತು. ಸಂಘದ ಖಜಾಂಚಿಯ ಹೆಂಡತಿ ಬಹಳ ಪ್ರೀತಿಯಿಂದ ಹೇಳಿದ್ರು, "ಅಕ್ಕ, ಭಾನುವಾರದೊಳಗೆ ಒಳ್ಳೇ ಫೋನು ಆಗ್ಲಿಲ್ಲಾಂದ್ರೆ ಸಂಕೋಚ ಬೇಡ. ಕ್ಲಾಸು ನಾನೇ ತಗೊಳ್ತೇನೆ. ನನ್ನ ಹತ್ತಿರ ಎರಡುಂಟು." ಆ ದಿನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಬೀಳ್ಲಿಲ್ಲ. ನಾನು ಅದನ್ನೇ ಉಂಡು ಎದ್ದು ಹೇಳಿದೆ, "ಫೋನು ಆರಿಸುವ ಕೆಲಸ ನನಗೆ ಬಿಡು."

ಅವಳು ಹೇಳಿದಳು, "ಅದೇ ಹೆದರಿಕೆ."

*ಪೌಡರು ಹಚ್ಚಿದ ಕಾಗೆ*

ಗಾರ್ಡನ್ನಿನಲ್ಲಿ ನಮ್ಮದೊಂದು ಬೆಂಚು ಉಂಟು. ರಿಟೈರಾದ ಬ್ಯಾಂಕಿನವರು ಒಬ್ಬರು, ಧಾರಾವಿಯಲ್ಲಿ ಚರ್ಮದ ಬ್ಯಾಗಿನ ಕಾರ್ಖಾನೆ ಇಟ್ಟು ಈಗ ಮಗನಿಗೆ ಬಿಟ್ಟಿರುವ ಕಲಬುರಗಿ ಕಡೆಯ ಗೌಡ್ರು ಒಬ್ಬರು, ಮತ್ತೆ ನಾನು. ನಾವು ಕಂಪನಿಯ ಹೆಸರು ಹೇಳುವವರಲ್ಲ, ನೆನಪಿರೋದಿಲ್ಲ. ಬ್ಯಾಂಕಿನವರ ಕಂಪನಿ, ಗೌಡ್ರ ಕಂಪನಿ ಅಂತಲೇ ಹೇಳೋದು. ಯಾವುದು ಒಳ್ಳೇದು ಅಂತ ಕೇಳಿದ್ದೇ ತಪ್ಪಾಯ್ತು. ಒಬ್ಬೊಬ್ಬರೂ ತಮ್ಮ ಫೋನನ್ನು ಹೊಗಳಿದ ಹಾಗೆ ತಮ್ಮ ಮಕ್ಕಳನ್ನೂ ಹೊಗಳಿದವರಲ್ಲ.

ನಾನು ಹೇಳಿದೆ, "ಬಾಯಿ ಮಾತು ಬೇಡ. ಅಗೋ, ಗುಲ್ಮೊಹರಿನ ಮೇಲೆ ಕಾಗೆ ಕೂತಿದೆ. ಇಬ್ಬರೂ ಫೋಟೋ ತೆಗೀರಿ. ಯಾರದ್ದು ಚೆಂದ ಬರ್ತದೋ ಅದೇ ಕಂಪನಿ."

ಗೌಡ್ರ ಫೋನಿನಲ್ಲಿ ಕಾಗೆ ಕಾಗೆಯ ಹಾಗೇ ಬಂತು. ಬ್ಯಾಂಕಿನವರ ಫೋನು ಇದೆಯಲ್ಲ, ಅದು ಎಲ್ಲರನ್ನೂ ಚೆಂದ ಮಾಡುವ ಜಾತಿಯದ್ದು. ಕಾಗೆಗೆ ಮೈಯೆಲ್ಲಾ ಪೌಡರು, ಕೊಕ್ಕಿಗೆ ಲಿಪ್‌ಸ್ಟಿಕ್ಕು, ಕೆನ್ನೆ ಗುಲಾಬಿ. ಕಾಗೆಗೆ ಕೆನ್ನೆ ಉಂಟಾ ಅಂತ ಕೇಳ್ಬೇಡ, ಆ ಫೋನಿನಲ್ಲಿ ಇತ್ತು.

ಗೌಡ್ರು ಆ ಫೋಟೋವನ್ನು ತುಂಬಾ ಹೊತ್ತು ನೋಡಿದ್ರು. ಆಮೇಲೆ ಬ್ಯಾಂಕಿನವರನ್ನು ಕೇಳಿದ್ರು, "ಹೌದ್ರೀ ಸಾಹೇಬ್ರ, ಮೊನ್ನಿ ನಿಮ್ಮ ಭಾವಮೈದನ ಮಗಳ ಫೋಟೋ ನಮ್ಮ ಹುಡುಗಗ ತೋರ್ಸಿದ್ರಲ್ಲ, ಅದನ್ನ ಇದೇ ಫೋನ್ನ್ಯಾಗ ತಗದಿದ್ರೇನು?"

*ಬೆರಳು*

ಮರುದಿನ ಸ್ಟೇಷನ್ ಹತ್ತಿರದ ದೊಡ್ಡ ಅಂಗಡಿಗೆ ಹೋದೆ. ಒಳಗೆ ಏಸಿ, ಸಾಲಾಗಿ ಫೋನುಗಳು, ಎಲ್ಲಾ ಹೊಳೀತಾ ಕೂತಿವೆ. ಒಂದು ಚೂಟಿ ಹುಡುಗಿ ಬಂದಳು. "ಅಂಕಲ್, ಇದ್ರಲ್ಲಿ ಲಾಕ್ ಬಹಳ ಫಾಸ್ಟ್. ಉಂಗಲಿ ರಖೋ" ಅಂದಳು.

ಇಟ್ಟೆ. ಫೋನು ನನ್ನನ್ನು ಒಪ್ಪಲಿಲ್ಲ. ಇನ್ನೊಂದು ಬೆರಳು. ಅದೂ ಇಲ್ಲ. ನೋಡು ಮಗಳೇ, ಕಾವಲಿ ಕಾದಿದೆಯಾ ಅಂತ ದಿನಾ ಬೆರಳಲ್ಲೇ ನೋಡಿದವನು ನಾನು. ಗೆರೆಗಳೆಲ್ಲ ದೋಸೆಗೆ ಹೋಗಿವೆ. ಈಗ ನನ್ನ ಬೆರಳು ಅಂದ್ರೆ ಮಾರ್ಬಲ್ಲು. ಹುಡುಗಿ ಬೇರೆ ಕಂಪನಿಯದ್ದು ತಂದಳು, ಒಪ್ಪಲಿಲ್ಲ. ಮತ್ತೊಂದು ತಂದಳು, ಅದು ಹೆದರಿ ಬಂದ್ ಆಯ್ತು. ಕ್ರೀಮ್ ಹಚ್ಚಿದಳು, ಬಟ್ಟೆಯಲ್ಲಿ ಒರೆಸಿದಳು, ಮ್ಯಾನೇಜರನ್ನು ಕರೆದಳು. ಮ್ಯಾನೇಜರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ, "ಚಾಚಾ, ಆಪ್ ಪೆಹೆಲೆ ಕ್ಯಾ ಕಾಮ್ ಕರ್ತೆ ಥೆ?" ಅಂದ, ಮೊದಲು ಎಂತ ಕೆಲಸ ಮಾಡ್ತಿದ್ದದ್ದು ಅಂತ. ಬಾಗಿಲಿನ ವಾಚ್‌ಮನ್ ಎರಡು ಹೆಜ್ಜೆ ಹತ್ತಿರ ಬಂದ. ಬೆರಳಚ್ಚೇ ಇಲ್ಲದ ಮನುಷ್ಯ ಅಂದ್ರೆ ಸಾಮಾನ್ಯನಾ?

"ದೋಸೆ" ಅಂದೆ. ಅವನು ನಂಬಲಿಲ್ಲ. ನನಗೂ ಹಠ ಬಂತು. ಚಪ್ಪಲಿ ಬಿಟ್ಟು, ಕಾಲನ್ನು ಕೌಂಟರಿನ ಮೇಲೆ ಇಟ್ಟು, ಹೆಬ್ಬೆರಳನ್ನು ಒತ್ತಿದೆ. ಟಕ್ಕಂತ ಒಪ್ಪಿತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದ್ರು. ಯಾಕೆ ನಗ್ತಿ? ಬೇಕಾದ್ರೆ ಹೋಗಿ ಕೇಳು, ಕೌಂಟರಿನ ಮೇಲೆ ಈಗಲೂ ಗುರುತುಂಟು.

ನಾನು ಜಂಬದಲ್ಲಿ ಕಾಲು ಇಳಿಸುವಾಗ ಆ ಹುಡುಗಿ ಕೇಳಿದಳು, "ಅಂಕಲ್, ಫೋನ್ ನಿಮಗಾ?"

"ಅಲ್ಲ, ಹೆಂಡತಿಗೆ."

"ತೋ ನಿಮ್ಮ ಬೆರಳು ಯಾಕೆ?"

*ಗ್ರೈಂಡರಿನ ಪರೀಕ್ಷೆ*

ಅಂಗಡಿಯ ದಾರಿ ಮುಚ್ಚಿತು. ಆಗ ನನಗೆ ನಮ್ಮ ಹೋಟೆಲಿನ ಪದ್ಧತಿ ನೆನಪಾಯ್ತು. ನಮ್ಮಲ್ಲಿ ಯಾವ ಮಿಷನ್ನು ತಂದ್ರೂ ಅಂಗಡಿಯವನ ಮಾತು ಕೇಳಿ ತರೋದಿಲ್ಲ. ಬೆಳಗಿನ ರಶ್ಶಿನಲ್ಲಿ ಅಡುಗೆಮನೆಗೆ ತಂದು ಹಬೆ, ಎಣ್ಣೆ, ಗಲಾಟೆಯ ನಡುವೆ ಇಡೋದು. ಅಲ್ಲಿ ಬದುಕಿದ್ರೆ ಎಲ್ಲಿಯೂ ಬದುಕ್ತದೆ. ಫೋನಿಗೆ ಬೇರೆ ನ್ಯಾಯ ಯಾಕೆ?

ಬೆಂಚಿನ ಇಬ್ಬರನ್ನೂ ನನ್ನ ಹಳೇ ಹೋಟೆಲಿಗೆ ಬನ್ಸು ತಿನ್ನಲಿಕ್ಕೆ ಕರೆದೆ. ಅವರು ತಿನ್ನುತ್ತಿರುವಾಗ ಇಬ್ಬರ ಫೋನನ್ನೂ ತಗೊಂಡು ಅಡುಗೆಮನೆಗೆ ನುಗ್ಗಿದೆ. ಗ್ರೈಂಡರು ಗರಗರ ತಿರುಗ್ತಿದೆ, ಪಕ್ಕದಲ್ಲಿ ಸಪ್ಲೈಯರು "ಏಕ್ ಸಾದಾ, ದೋ ಮಸಾಲಾ" ಅಂತ ಕೂಗ್ತಿದ್ದಾನೆ. ಅಲ್ಲಿಂದ ಹೆಂಡತಿಗೆ ಫೋನು ಮಾಡಿದೆ. ಮೊದಲು ಬ್ಯಾಂಕಿನವರದ್ದರಲ್ಲಿ, ಆಮೇಲೆ ಗೌಡ್ರದ್ದರಲ್ಲಿ, ಹೋಲಿಕೆಗೆ ನನ್ನದ್ದರಲ್ಲಿ.

"ಯಾವುದರಲ್ಲಿ ಚೆಂದ ಕೇಳ್ತು?"

"ಎಲ್ಲದರಲ್ಲಿಯೂ ನೀವೇ ಬಂದ್ರಿ," ಅಂದಳು. "ಬೇರೆ ಯಾರಾದ್ರೂ ಬರುವ ಕಂಪನಿ ಇಲ್ವಾ?"

ಅಲ್ಲಿಗೇ ಬಿಟ್ಟಿದ್ರೆ ಒಳ್ಳೇದಿತ್ತು. ಆದ್ರೆ ಗೌಡ್ರು, ನಮ್ಮ ಫೋನು ನೀರಾಗ ಬಿದ್ರೂ ಏನೂ ಆಗಂಗಿಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗ್ತಿದ್ರು. ಅದೂ ನೋಡೇಬಿಡುವ ಅಂತ ಅನ್ನಿಸ್ತು. ಬೇಕಂತ ಹಾಕಿದ್ದಲ್ಲ, ಸಾಂಬಾರಿನ ಪಾತ್ರೆಯ ಅಂಚಿನಲ್ಲಿ ಇಟ್ಟು ಸ್ವಲ್ಪ ಅವಕಾಶ ಕೊಟ್ಟೆ. ಅದು ತಾನಾಗೇ ಹಾರಿತು. ಎರಡು ಕುದಿ ಬರುವ ತನಕ ಒಳಗೇ ರಿಂಗಾಗ್ತಿತ್ತು, ನನ್ನ ಕಿವಿಯಾರೆ ಕೇಳಿದ್ದೇನೆ. ಸೌಟಿನಲ್ಲಿ ಎತ್ತಿದಾಗ ಅದಕ್ಕೆ ಒಂದು ನುಗ್ಗೇಕಾಯಿ ಅಂಟಿತ್ತು. ಪರದೆ ಕಪ್ಪು.

ಒರೆಸಿ, ನುಗ್ಗೇಕಾಯಿಯ ಸಮೇತ ತಟ್ಟೆಯಲ್ಲಿಟ್ಟು, ಗೌಡ್ರ ಮುಂದೆ ತಂದೆ. "ಗೌಡ್ರೇ, ನೀವೇ ಹೇಳಿದ್ರಲ್ಲ, ಏನೂ ಆಗೋದಿಲ್ಲ ಅಂತ."

ಗೌಡ್ರು ಫೋನು ನೋಡಿದ್ರು, ನುಗ್ಗೇಕಾಯಿ ನೋಡಿದ್ರು. ಬನ್ಸು ಕೆಳಗಿಟ್ಟು ಹೇಳಿದ್ರು, "ನಾ ನೀರಿಗಿ ಅಂದಿದ್ದೆ ಮಾರಾಯ. ಸಾಂಬಾರಿಗಿ ಅಂದಿದ್ನೇನು?"

*ಶನಿವಾರ*

ನಾಳೆ ಕ್ಲಾಸು. ಇನ್ನೂ ಫೋನಿಲ್ಲ. ಖಜಾಂಚಿಯ ಹೆಂಡತಿ ಮತ್ತೆ ಫೋನು ಮಾಡಿದ್ರು, "ಅಕ್ಕ, ಮತ್ತೆ ಎಂತ ಆಯ್ತು? ನಾನು ಪಾಠ ತಯಾರು ಮಾಡ್ಲಾ?" ನನ್ನವಳು ಉತ್ತರ ಕೊಡುವ ಮೊದಲೇ ಅವಳ ಫೋನು ಬಿಸಿಯಾಗಿ ಆರಿಹೋಯ್ತು. ಅದನ್ನು ಮೇಜಿನ ಮೇಲೆ ಮಗುಚಿಟ್ಟಳು. ಅವಳ ಮುಖ ನೋಡಿ, ನಾನು ಇಷ್ಟು ದಿನ ಮಾಡಿದ್ದೆಲ್ಲ ಬರೇ ತಮಾಷೆಯಾಯ್ತಾ ಅಂತ ಒಳಗೊಳಗೇ ಚುಚ್ಚಿತು.

"ಬ್ಯಾಂಕಿನವರ ಕಂಪನಿಯಲ್ಲಿ ಕ್ಯಾಮೆರಾ ಮೋಸ, ಗೌಡ್ರ ಕಂಪನಿಗೆ ಸಾಂಬಾರು ಆಗೋದಿಲ್ಲ. ಇನ್ನೊಂದೆರಡು ದಿನ ಕೊಡು, ತೀರ್ಮಾನ ಮಾಡ್ತೇನೆ" ಅಂದೆ.

ಅವಳು ಸೆರಗು ಸರಿ ಮಾಡ್ಕೊಂಡು ಚಪ್ಪಲಿ ಹಾಕಿದಳು. ನಾನು ಹಿಂದೆ ಹಿಂದೆ. ಅದೇ ಅಂಗಡಿ. ವಾಚ್‌ಮನ್ ನನ್ನ ಕಾಲು ನೋಡಿ ಬಾಗಿಲು ಅರ್ಧ ಮಾತ್ರ ತೆಗೆದ. ಒಳಗೆ ಅದೇ ಹುಡುಗಿ. ನನ್ನವಳು ಕ್ಯಾಮೆರಾ ಕೇಳ್ಲಿಲ್ಲ, ಬ್ಯಾಟರಿ ಕೇಳ್ಲಿಲ್ಲ, ಯಾವ ಕಂಪನಿ ಅಂತಲೂ ಕೇಳ್ಲಿಲ್ಲ. ಆ ಹುಡುಗಿಯ ಕೈ ಹಿಡಿದು ಒಂದೇ ಮಾತು ಕೇಳಿದಳು.

"ಬೇಟಾ, ನಿನ್ನ ಅಮ್ಮನಿಗೆ ಯಾವುದು ಕೊಡಿಸಿದ್ದಿ?"

ಹುಡುಗಿ ಶೋಕೇಸಿನ ಫೋನುಗಳನ್ನು ಬಿಟ್ಟು ಕೆಳಗಿನ ಡ್ರಾಯರಿನಿಂದ ಒಂದು ಡಬ್ಬಿ ತೆಗೆದಳು. "ಯೇ ವಾಲಾ, ಆಂಟಿ. ಅಮ್ಮ ದಿನಾ ಸಂಜೆ ಇದರಲ್ಲೇ ಮಾಮಿಯ ಜೊತೆ ಮಾತಾಡೋದು. ಗ್ಯಾಸ್ ಮೇಲಿನ ಹಾಲು ಉಕ್ಕಿ ಹೋಗ್ತದೆ, ಫೋನ್ ಬಂದ್ ಆಗೋದಿಲ್ಲ."

ನಾವು ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ನಡುವೆ ಒಂದು ಲೋಕಲ್ ರೈಲು ಸ್ಟೇಷನ್ನಿಗೆ ಬಂದು ಹೋಗುವಷ್ಟು ಹೊತ್ತು. ದಾರಿಯಲ್ಲಿ ನಾನು ಹೇಳಿದೆ, "ನಾನೂ ಮನಸ್ಸಿನಲ್ಲಿ ಇದನ್ನೇ ಆರಿಸಿದ್ದೆ."

"ಹೌದಾ?" ಅಂದಳು ನನ್ನವಳು. "ಯಾವ ಬೆರಳಿನಿಂದ?"

*ಮೊದಲ ಪಾಠ*

ಭಾನುವಾರ. ಬೆಳಿಗ್ಗೆಯೇ ಅವಳು ಮೀನಿನ ಬುಟ್ಟಿಯ ಹೆಂಗಸನ್ನು ನಾಳೆ ಬಾ ಅಂತ ಕಳಿಸಿದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಕುರ್ಚಿಯಲ್ಲಿ ಕೂತಳು. ಎರಡೆರಡು ಸಲ ಎದ್ದು ಕನ್ನಡಿ ನೋಡಿ ಬಂದಳು. ಟ್ರೇನಿಂಗ್ ಮುಗಿಸಿದ ಮೇಲೆ ಮೊದಲ ಕ್ಲಾಸು ಅಲ್ವಾ. ಫೋನೇನೋ ತಂದದ್ದಾಯ್ತು, ಆದ್ರೆ ಅದನ್ನು ನಿಲ್ಲಿಸುವ ಸ್ಟ್ಯಾಂಡು ತರಬೇಕು ಅಂತ ಯಾರಿಗೂ ಹೊಳೀಲಿಲ್ಲ. ಡಬ್ಬಿಗೆ ಒರಗಿಸಿದ್ರೆ ಜಾರ್ತದೆ, ಲೋಟಕ್ಕೆ ಒರಗಿಸಿದ್ರೆ ಬೀಳ್ತದೆ.

"ನಾನಿದ್ದೇನೆ" ಅಂದೆ. ಒಂದೇ ಕೈಯಲ್ಲಿ ಎಂಟು ಪ್ಲೇಟು ಹಿಡಿದು ಮೇಲಿನ ಮಹಡಿಗೆ ಹತ್ತಿದ ಕೈ ಇದು. ಹಿಂದಿನ ಕ್ಯಾಮೆರಾ ಜಾಸ್ತಿ ಒಳ್ಳೇದು ಅಂತ ಇಷ್ಟು ದಿನದ ಸಂಶೋಧನೆಯಲ್ಲಿ ನನಗೆ ತಿಳಿದಿತ್ತು. ಹಾಗಾಗಿ ಫೋನಿನ ಬೆನ್ನನ್ನು ಅವಳ ಕಡೆ ಮಾಡಿ, ಎದೆಯ ಮಟ್ಟಕ್ಕೆ ಹಿಡಿದು ಕಂಬದ ಹಾಗೆ ನಿಂತೆ. ಸೆಕೆ, ಹಾಗಾಗಿ ಬರೇ ಬನಿಯನ್ನು. ನನ್ನನ್ನು ಯಾರು ನೋಡ್ತಾರೆ?

ಅವಳು ಶುರು ಮಾಡಿದಳು. ಮೊದಲ ಪಾಠ, ಮೈಯ ಅಂಗಗಳು. ಮೂಗು ಮುಟ್ಟಿ, "ಇದು ಮೂಗು." ಕಿವಿ ಮುಟ್ಟಿ, "ಇದು ಕಿವಿ." ಗಲಾಟೆ ಆಗಬಾರದು ಅಂತ ಸೊಸೆಯಂದಿರನ್ನೆಲ್ಲ ಮೊದಲೇ ಮ್ಯೂಟ್ ಮಾಡಿಸಿದ್ದಳು. ಮೊದಮೊದಲು ಸ್ವರ ಸಣ್ಣಗಿತ್ತು, ಆಮೇಲೆ ಏರಿತು. ಆಮೇಲೆ ಅವಳಿಗೆ ನಾನು ಅಲ್ಲಿ ನಿಂತದ್ದೇ ಮರೆತುಹೋಯ್ತು. ನಾನು ಫೋನಿನ ಪರದೆಯನ್ನು ಒಂದು ಸಲವೂ ನೋಡ್ಲಿಲ್ಲ, ಅವಳ ಮುಖ ನೋಡ್ತಾ ನಿಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಮುಖ ನಾನು ನೋಡಿರ್ಲಿಲ್ಲ ಮಾರಾಯ್ತಿ.

ಕ್ಲಾಸು ಮುಗಿದ ಮೇಲೆ ಏನಾಯ್ತು ಗೊತ್ತುಂಟಾ? ಹೊಗಳಿಕೆಯ ಮಳೆ. ಚಿತ್ರ ಎಷ್ಟು ಸ್ಪಷ್ಟ ಅಂದ್ರೆ ಟೀಚರಿನ ರೆಪ್ಪೆಯ ಒಂದೊಂದು ಕೂದಲೂ ಬೇರೆ ಬೇರೆ ಕಾಣ್ತಿತ್ತಂತೆ, ಅಬ್ಬಲಿಗೆಯ ಪರಿಮಳವೂ ಬಂತಂತೆ. ಎಲ್ಲಾ ನಾನು ಅಲುಗಾಡದೆ ಹಿಡಿದದ್ದರ ಫಲ. ಆ ಒಂದೇ ಕ್ಲಾಸಿನಲ್ಲಿ ಎಲ್ಲಾ ಸೊಸೆಯಂದಿರಿಗೂ ಕಣ್ಣು, ಕಿವಿ, ಮೂಗು ಎಲ್ಲಾ ಕಂಠಪಾಠ. ಒಬ್ಬಳಾದ್ರೂ ತಪ್ಪಿದ್ದಿಲ್ಲ.

ಏನು? ಯಾಕೆ ಕೈ ಎತ್ತಿದಿ?

"ಅಂಕಲ್, ನಾನು ಆ ಕ್ಲಾಸಿನಲ್ಲಿ ಇದ್ದೆ."

ಇದ್ದಿಯಾ? ಒಳ್ಳೇದೇ ಆಯ್ತು. ಹಾಗಾದ್ರೆ ನೀನೇ ಹೇಳು.

"ಟೀಚರ್ ಮುಖ ಕಾಣ್ಲಿಲ್ಲ. ಕ್ಯಾಮೆರಾ ನಿಮ್ಮ ಕಡೆದು ಚಾಲೂ ಇತ್ತು. ಪೂರ್ತಿ ಕ್ಲಾಸು ನಿಮ್ಮ ಬನಿಯನ್, ನಿಮ್ಮ ಹೊಟ್ಟೆ. ಟೀಚರ್ ಸ್ವರ ಬಂತು, 'ಇದು ಮೂಗು.' ನಾವು ಎಲ್ಲರೂ ಹಾಗೇ ಕಲಿತೆವು."

ಅದು ಹೇಗೆಂದ್ರೆ ಮಗಳೇ, ಆ ಕಂಪನಿಯ ಫೋನಿನಲ್ಲಿ...

"ನನ್ನ ಅತ್ತೆ ಮದುವೆ ಆದಾಗಿಂದ ನನ್ನ ಜೊತೆ ಬರೀ ಹಿಂದಿ. ಆ ದಿನ ಕಣ್ಣಲ್ಲಿ ನೀರು ಬರೋ ತನಕ ನಕ್ಕರು. ಆಮೇಲೆ ದಿನಾ ಕನ್ನಡದಲ್ಲೇ ಮಾತಾಡ್ತಾರೆ."

ಯಾಕೆ, ನೀನು ಎಂತ ಹೇಳಿದ್ದಿ?

"ಊಟ ಆಯ್ತು, ಪ್ರೀತಿಯಿಂದ ಕೇಳಿದೆ ಅಂಕಲ್. 'ಅತ್ತೆ, ಮೂಗು ತುಂಬಿತಾ? ಇನ್ನೂ ಸ್ವಲ್ಪ ಅನ್ನ ಹಾಕಲಾ?'"