ಮಾಮಾನ ಮುಂದೆ ‘ಎಲ್ಲಿಗೆ’ ಅನ್ನಬಾರದು

ನಮ್ಮ ಮಾಮಾನಷ್ಟು ಪ್ರವಾಸ ಬಲ್ಲವರು ಗೋಕಾಕ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಪುಣೆಯ ಹೈವೇಯಲ್ಲಿ ಯಾವ ಧಾಬಾದ ಪಾಯಖಾನೆಗೆ ಚಿಲಕವಿಲ್ಲ ಎನ್ನುವುದು ಅವನಿಗೆ ಬಾಯಿಪಾಠ. ಕೊಲ್ಲಾಪುರ ದಾಟಿದ ಮೇಲೆ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಸಾತಾರಾದ ಘಾಟಿನಲ್ಲಿ ಯಾರಿಗೆ ಹೊಟ್ಟೆ ತೊಳಸುತ್ತದೆ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಒಂದೇ ಒಂದು ಸಣ್ಣ ಕೊರತೆ ಎಂದರೆ ಅವನು ಈವರೆಗೆ ಆ ದಿಕ್ಕಿಗೆ ಹುಕ್ಕೇರಿ ದಾಟಿ ಹೋಗಿಲ್ಲ!

ಹಾಗಾದರೆ ಇಷ್ಟೆಲ್ಲ ಹೇಗೆ ಗೊತ್ತು? ಲಾರಿ ಡ್ರೈವರುಗಳನ್ನು ಹಿಡಿದು ಚಹಾ ಕುಡಿಸಿ ಕೇಳಿ ತಿಳಿದದ್ದು. ಮಾಮಾ ನಮ್ಮವ್ವನ ತಮ್ಮ. ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿನಲ್ಲಿ ಟೈಮ್ ಕೀಪರ್ ಆಗಿದ್ದು, ನಿವೃತ್ತನಾಗಿ ಗೋಕಾಕದಲ್ಲಿ ಒಬ್ಬನೇ ಇದ್ದಾನೆ. ಯಾರು ಎಷ್ಟು ನಿಮಿಷ ತಡವಾಗಿ ಬಂದರು ಎಂದು ಬರೆದು ಬರೆದು ಅವನ ಕೈಗೆ ನಿಮಿಷಗಳ ಚಟ ಹತ್ತಿದೆ. ಅವ್ವ ಇರುವುದು ಮೂಡಲಗಿಯಲ್ಲಿ. ನನ್ನನ್ನು ಕೊಟ್ಟದ್ದು ಹುಕ್ಕೇರಿಗೆ; ಅಲ್ಲೇ ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಅವ್ವನ ಜಗತ್ತು ಈ ಮೂರು ಊರುಗಳಲ್ಲಿ ಮುಗಿಯುತ್ತದೆ.

ಇನ್ನು ಆ ಶಬ್ದದ ವಿಷಯ. ನಮ್ಮ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಹೊರಟ ಕೆಲಸ ಕೆಡುತ್ತದಂತೆ. ಕೇಳಲೇಬೇಕು ಎಂದು ಬಾಯಿ ತುರಿಸಿದರೆ ‘ದೂರ ಹೊಂಟ್ರಿ?’ ಎನ್ನಬೇಕು. ಅರ್ಥ ಅದೇ, ಆದರೆ ಅಪಾಯವಿಲ್ಲ! ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಉಳಿದ ಜನ ಎರಡು ನಿಮಿಷ ಕೂತು, ಗುಟುಕು ನೀರು ಕುಡಿದು ಮತ್ತೆ ಎದ್ದು ಹೋಗುತ್ತಾರೆ. ಮಾಮಾ ಹಾಗಲ್ಲ. ಕೇಳಿದರೆ ಮುಗಿಯಿತು, ಅವತ್ತಿನ ಪ್ರಯಾಣ ರದ್ದು!

“ಕೊಳ್ಳಾಗ ಲಿಂಗಾ ಕಟ್ಕೊಂಡು ಶಕುನಾ ನೋಡ್ತಿಯಲ್ಲೋ, ಬಸವಣ್ಣಗ ಏನ್ ಮಾರಿ ತೋರಸ್ತಿ?” ಎಂದು ಅವ್ವ ಅವನನ್ನು ಎಷ್ಟು ಸಲ ಜಾಡಿಸಿದ್ದಾಳೋ ಲೆಕ್ಕವಿಲ್ಲ.

“ಇದು ಶಕುನಾ ಅಲ್ಲಕ್ಕಾ, ಶಿಸ್ತು,” ಎನ್ನುವುದು ಅವನ ಉತ್ತರ.

ಈ ಶಿಸ್ತು ಅವನ ಲಗ್ನವನ್ನೇ ನುಂಗಿತು. ಹರೆಯದಲ್ಲಿ ಹೊಸ ಪ್ಯಾಂಟು ಹಾಕಿಕೊಂಡು ಹೆಣ್ಣು ನೋಡಲು ಮೂಡಲಗಿ ಬಸ್ಸು ಹತ್ತಿದ. ಸೀಟು ಸಿಕ್ಕಿತು, ಕಿಟಕಿಯೂ ಸಿಕ್ಕಿತು. ಅಷ್ಟರಲ್ಲಿ ಒಬ್ಬ ಬಂದು “ಎಲ್ಲಿಗ್ರಿ?” ಎಂದ. ಮಾಮಾ ಇಳಿದುಬಿಟ್ಟ! ಕೇಳಿದವನು ಯಾರು? ಕಂಡಕ್ಟರ್! ಕೇಳದೆ ಪಾಪ ಅವನು ಟಿಕೆಟ್ ಹೇಗೆ ಹರಿಯಬೇಕು? ಆ ಹುಡುಗಿಯ ಮನೆಯವರು ಸಂಜೆಯವರೆಗೆ ಅವಲಕ್ಕಿ ಕಲಸಿಟ್ಟುಕೊಂಡು ಕಾದು, ಮರುದಿನ ಬಂದ ವರನಿಗೆ ಮಗಳನ್ನು ಕೊಟ್ಟರು. ಅವತ್ತಿನಿಂದ ಮಾಮಾ ಬಸ್ಸಿನ ಮೆಟ್ಟಿಲು ಹತ್ತುವಾಗಲೇ “ಮೂಡಲಗಿ ಒಂದು!” ಎಂದು ಕೂಗುತ್ತ ಒಳಗೆ ಹೋಗುತ್ತಿದ್ದ. ಗೋಕಾಕದ ಆಟೋದವರಿಗೂ ಹಾಗೆಯೇ. ಅವರು ಬಾಯಿ ತೆರೆಯುವ ಮೊದಲೇ ವಿಳಾಸ ಅವರ ಕಿವಿಯಲ್ಲಿ ಇರುತ್ತಿತ್ತು. ಕೊನೆಗೆ ಈ ಕೂಗಾಟ ಸಾಕಾಗಿ, ಯಾರೂ ಪ್ರಶ್ನೆ ಕೇಳದ ಹಳೆಯ ವ್ಯಾನೊಂದನ್ನು ಕೊಂಡುಕೊಂಡ.

ಥೀಮ್ ಪಾರ್ಕಿನ ಹುಚ್ಚು ಹತ್ತಿದ್ದು ನನ್ನ ಮಗಳಿಂದ. ಒಂದು ಭಾನುವಾರ ಮೂಡಲಗಿಯಲ್ಲಿ ಅವಳು ಅಜ್ಜಿಗೆ ಫೋನಿನಲ್ಲಿ ವಿಡಿಯೋ ತೋರಿಸುತ್ತಿದ್ದಳು. ಪುಣೆಯ ಆಚೆ, ಮುಂಬೈ ಹಾದಿಗಿರುವ ದೊಡ್ಡ ಪಾರ್ಕು. ಅಲ್ಲೇ ಉಳಿಯಲು ಹೋಟೆಲು, ಆಡಲು ನೀರು, ಹತ್ತಲು ರೋಲರ್ ಕೋಸ್ಟರ್. ಗಾಡಿ ಮೇಲೇರಿ ಧಡಕ್ಕನೆ ಇಳಿಯುವಾಗ ಅದರಲ್ಲಿದ್ದ ಜನವೆಲ್ಲ ಬಾಯಿ ಬಾಯಿ ಬಡಿದುಕೊಳ್ಳುವಂತೆ ಚೀರುತ್ತಿದ್ದರು. ಮಕ್ಕಳು, ಮುದುಕರು, ಸೀರೆಯುಟ್ಟ ಹೆಂಗಸರು!

ಅವ್ವ ಅದನ್ನು ಮೂರು ಸಲ ನೋಡಿದಳು. ಆಮೇಲೆ, “ಅಲ್ಲೆ ಎಷ್ಟ್ ಒದರಿದ್ರೂ ಯಾರೂ ಏನೂ ಅನ್ನೂದಿಲ್ಲೇನ?” ಎಂದಳು.

“ಇಲ್ಲಜ್ಜಿ, ಒದರಾಕ ಹೋಗೂದಲ್ಲಿ,” ಎಂದಳು ಮಗಳು.

“ನನಗೂ ಒಮ್ಮೆರ ಹಂಗ ಒದರಬೇಕ್ ನೋಡು.”

ನಾವೆಲ್ಲ ನಕ್ಕೆವು. ಅವ್ವನೂ ನಕ್ಕಳು. ಹದಿನೇಳಕ್ಕೆ ಮದುವೆಯಾಗಿ ಬಂದವಳು. ಮಾವನ ಮುಂದೆ, ಮೈದುನರ ಮುಂದೆ, ಅಪ್ಪನ ಮುಂದೆ ಎಂದೂ ದನಿ ಎತ್ತಿದವಳಲ್ಲ. ಅಪ್ಪ ತೀರಿಕೊಂಡ ದಿನವೂ ಸೆರಗು ಬಾಯಿಗೆ ಒತ್ತಿಕೊಂಡೇ ಅತ್ತಳು. ಇದೆಲ್ಲ ನನಗೆ ಈಗ ಹೊಳೆಯುತ್ತಿದೆ. ಅವತ್ತು ನಗದೇ ಕೂತವನು ಮಾಮಾ ಒಬ್ಬನೇ. ಮರುದಿನವೇ ನೂರು ಹಾಳೆಯ ನೋಟುಬುಕ್ಕು ತಂದ.

ಅದರಲ್ಲಿ ಅವನು ಬರೆದ ಪ್ರವಾಸದ ಯೋಜನೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಓದಿ ಎಲ್ಲರನ್ನೂ ನಗಿಸಿದ್ದೇನೆ. ‘ಮುಂಜಾನೆ ೪-೩೦: ಮೂಡಲಗಿ. ಅಕ್ಕನನ್ನು ಹತ್ತಿಸುವುದು. ೪-೩೨: ಹಾಲು ಮುಚ್ಚಿದ್ದೇನೋ ಇಲ್ಲೋ ನೋಡಲು ಅಕ್ಕ ಇಳಿಯುವುದು. ೪-೩೮: ಮತ್ತೆ ಹತ್ತಿಸುವುದು. ೬-೨೦: ಹುಕ್ಕೇರಿ. ತಾಯಿ, ಮಗಳನ್ನು ಹತ್ತಿಸುವುದು. ೮-೪೦: ಚಹಾ. ೮-೪೫: ಚಹಾ ಸರಿ ಇಲ್ಲವೆಂದು ಅಕ್ಕ ಹೇಳುವುದು.’ ಇಂಥ ಹದಿನಾರು ಪುಟ! ಪಾರ್ಕಿನಲ್ಲಿ ಮೊದಲು ಕುದುರೆಯ ಆಟ, ಆಮೇಲೆ ದೋಣಿ, ಧೈರ್ಯ ಬಂದ ಮೇಲೆ ರೋಲರ್ ಕೋಸ್ಟರ್. ಅದರ ಮುಂದೆ ಕೆಂಪು ಮಸಿಯಲ್ಲಿ ‘ಅಕ್ಕ ಒದರುವುದು’ ಎಂದು ಬರೆದು, ಮುಂದೆ ಸಮಯ ಹಾಕದೆ ಬಿಟ್ಟಿದ್ದ. ಅವನು ಸಮಯ ಹಾಕದೆ ಬಿಟ್ಟ ಸಾಲು ಅದೊಂದೇ.

ತಾಲೀಮೂ ನಡೆಯಿತು. ಅವ್ವನನ್ನು ಫಾಲ್ಸಿಗೆ ಕರೆದುಕೊಂಡು ಹೋಗಿ ತೂಗು ಸೇತುವೆಯ ಮೇಲೆ ನಡೆಸಿದ. ಎತ್ತರದ ಅಂಜಿಕೆ ಹೋಗಲಿ ಎಂದು. ಅರ್ಧ ದಾರಿಯಲ್ಲಿ ಮಾಮಾನಿಗೇ ಕಾಲು ನಡುಗಿ, ಅವ್ವನೇ ಅವನ ಕೈ ಹಿಡಿದು ದಾಟಿಸಬೇಕಾಯಿತು!

“ಈಗ ಒಮ್ಮೆ ಒದರಕ್ಕಾ, ಪ್ರಾಕ್ಟೀಸ್ ಆಗ್ಲಿ,” ಎಂದನಂತೆ ಆಚೆ ದಂಡೆಯಲ್ಲಿ.

“ಇಲ್ಲಿ ಪರಿಚಯದವರ ಅದಾರಪಾ,” ಎಂದು ಅವ್ವ ಸೆರಗು ಸರಿ ಮಾಡಿಕೊಂಡಳಂತೆ.

ಮೊದಲ ಸಲ ಹೊರಟಾಗ ಘಟಪ್ರಭಾದ ಹತ್ತಿರ ಪೊಲೀಸರು ಕೈ ಅಡ್ಡ ಮಾಡಿದರು. “ಎಲ್ಲಿಗಿ ಹೊಂಟೀರಿ ಯಜಮಾನ್ರ?” ಮಾಮಾ ಅಲ್ಲೇ ವ್ಯಾನು ತಿರುಗಿಸಿದ. ಪೊಲೀಸರನ್ನು ನೋಡಿ ತಿರುಗಿದ ಗಾಡಿಯನ್ನು ಪೊಲೀಸರು ಬಿಡುತ್ತಾರೆಯೇ? ಬೆನ್ನಟ್ಟಿ ಬಂದು ಎಲ್ಲ ಇಳಿಸಿ ನೋಡಿದರು. ಸಿಕ್ಕಿದ್ದು ನಲವತ್ತು ಹೋಳಿಗೆ, ಒಂದು ಡಬ್ಬಿ ತುಪ್ಪ, ಎರಡು ಪಾಕೀಟು ಕರದಂಟು. ಅವ್ವ ಅವರನ್ನೆಲ್ಲ ರಸ್ತೆಯ ಬದಿಗೆ ಕೂಡಿಸಿ ಹೋಳಿಗೆ ಬಡಿಸಿದಳು. “ಕೇಳಿದ್ದು ನಮ್ಮದ ತಪ್ಪಾತ್ರೀ ಅವ್ವಾರ,” ಎಂದು ಅವರು ಕೈ ಮುಗಿದು ಕಳಿಸಿದರಂತೆ.

ಎರಡನೆಯ ಸಲ ಮನೆಯಂಗಳವನ್ನೇ ಬಿಡಲಿಲ್ಲ. ದಾರಿ ತಪ್ಪದಿರಲಿ ಎಂದು ನನ್ನ ಮಗಳು ಅವನ ಫೋನಿಗೆ ಮ್ಯಾಪು ಹಾಕಿ, ಅಜ್ಜನಿಗೆ ಓದಲು ಸುಲಭವಾಗಲಿ ಎಂದು ಅದನ್ನು ಕನ್ನಡಕ್ಕೂ ತಿರುಗಿಸಿ ಕೊಟ್ಟಿದ್ದಳು. ವ್ಯಾನಿನಲ್ಲಿ ಕೂತು, ವಿಭೂತಿ ಸರಿ ಮಾಡಿಕೊಂಡು, ಮ್ಯಾಪು ತೆರೆದ. ಮೊದಲನೆಯ ಸಾಲಿನಲ್ಲೇ ದಪ್ಪಗೆ ಬರೆದಿತ್ತು: ‘ಎಲ್ಲಿಗೆ?’

“ಮಷೀನಿಗೂ ಸಂಸ್ಕಾರ ಇಲ್ಲದಂಗ ಆತಲ್ಲಬೇ!” ಎಂದು ನನಗೆ ಫೋನು ಮಾಡಿ ಒದರಾಡಿದ. “ಆ ಕಂಪನಿಯವ್ರಿಗೆ ಹೇಳು, ದೂರ ಹೊಂಟ್ರಿ ಅಂತ ಬರೀರಿ ಅಂತ!”

ನಾನು ಬಿದ್ದು ಬಿದ್ದು ನಕ್ಕೆ. ಮರುದಿನ ಸ್ಟಾಫ್ ರೂಮಿನಲ್ಲಿ ಅದಕ್ಕೂ ಚಪ್ಪಾಳೆ ಬಿತ್ತು.

ಮೂರನೆಯದು ಹೋದ ಬೇಸಿಗೆ ಸೂಟಿಯಲ್ಲಿ. ಈ ಸಲ ಮಾಮಾ ಯಾವ ಕಿಂಡಿಯನ್ನೂ ತೆರೆದಿಡಲಿಲ್ಲ. ಓಣಿಯ ಮನೆಮನೆಗೆ ಹೋಗಿ ‘ನಾಳೆ ಏನೂ ಕೇಳಬ್ಯಾಡ್ರಿ’ ಎಂದು ಹೇಳಿ ಬಂದ. ವ್ಯಾನಿನ ಮುಂದಿನ ಗಾಜಿಗೆ ‘ಪುಣೆ ಕಡೆಗೆ. ದಯವಿಟ್ಟು ಕೇಳಬೇಡಿರಿ’ ಎಂದು ರಟ್ಟಿನ ಬೋರ್ಡು ಕಟ್ಟಿದ. ಮ್ಯಾಪು ತೆಗೆಸಿ ಹಾಕಿದ. ಪೊಲೀಸರು ಇಲ್ಲದ ಒಳರಸ್ತೆಗಳನ್ನು ಹುಡುಕಿದ. ಆದರೆ ಹುಕ್ಕೇರಿಯಲ್ಲಿ ನಾನಿದ್ದೆನಲ್ಲ!

ನಾನು ಹಿಂದಿನ ದಿನವಷ್ಟೇ ಪೇಪರು ತಿದ್ದುವ ಕೆಲಸ ಮುಗಿಸಿ ಬಂದಿದ್ದೆ. ಮೈ ನುಚ್ಚುನೂರಾಗಿತ್ತು ಎನ್ನುವುದು ಖರೆ. ಅದಕ್ಕಿಂತ ದೊಡ್ಡ ಖರೆ ಎಂದರೆ ನನಗೆ ಹೋಗುವ ಮನಸ್ಸಿರಲಿಲ್ಲ. ಜೀನ್ಸ್ ಹಾಕಿದ ಜನರ ನಡುವೆ ರೊಟ್ಟಿ ಬುತ್ತಿ ಬಿಚ್ಚಿ ಕೂರುವುದು, ಪ್ರತಿ ಆಟದ ಮುಂದೆ ಮಾಮಾ ಗಡಿಯಾರ ನೋಡಿ ಕೂಗುವುದು, ಅವ್ವ ಕಂಡಕಂಡವರನ್ನೆಲ್ಲ ನಿಮ್ಮದು ಯಾವ ಊರು ಎಂದು ವಿಚಾರಿಸುವುದು, ಇದೆಲ್ಲ ನೆನೆದು ನಾಚಿಕೆಯಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುವುದು ಬೇರೆ, ಜೊತೆಗೆ ಹೋಗುವುದು ಬೇರೆ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಅದನ್ನು ಹೇಳದೆಯೇ ತಪ್ಪಿಸಿಕೊಳ್ಳುವ ಉಪಾಯ ಮಾತ್ರ ಗೊತ್ತಿತ್ತು.

ಸರಿಯಾಗಿ ಆರು ಇಪ್ಪತ್ತಕ್ಕೆ ವ್ಯಾನು ಬಾಗಿಲಿಗೆ ಬಂತು. ನಾನು ಮಗಳನ್ನು ಎಬ್ಬಿಸಿಯೂ ಇರಲಿಲ್ಲ. ಮುಂದಿನ ಸೀಟಿನಲ್ಲಿ ಅವ್ವ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿಕೊಂಡಿದ್ದಳು. ಇಳಕಲ್ ಸೀರೆಯ ಕೆಳಗೆ, ಜಾರಬಾರದೆಂದು ಮಾಮಾ ಕೊಡಿಸಿದ ಬಿಳಿ ಬೂಟು. ನನ್ನನ್ನು ಕಂಡು ಆ ಕಾಲನ್ನು ಕಿಟಕಿಯ ಮಟ್ಟಕ್ಕೆ ಎತ್ತಿ ತೋರಿಸಿದಳು! ಮಾಮಾ ಇಳಿದು, ಗಡಿಯಾರ ನೋಡಿ, “ಬರೋಬ್ಬರಿ ಟೈಮಿಗೆ!” ಎಂದು ಎದೆ ಉಬ್ಬಿಸಿದ.

ನಾನು ಹೊಸ್ತಿಲಲ್ಲಿ ನಿಂತು ಆಕಳಿಸುತ್ತ ಕೇಳಿದೆ: “ಇಷ್ಟ್ ಲಗೂನ ಎಲ್ಲಿಗಿ ಹೊಂಟ್ರಿ ಮಾಮಾ?”

ಮಾಮಾ ನನ್ನನ್ನೇ ನೋಡಿದ. ಸಿಟ್ಟು ಮಾಡಲಿಲ್ಲ. ವ್ಯಾನಿನ ಕಿಟಕಿಯ ಹತ್ತಿರ ಹೋಗಿ ಬಗ್ಗಿದ. ಒಳಗಿಂದ ಅವ್ವ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಅವನು ತಿರುಗಿ ಬಂದು, “ಶಕುನಾ ಕೆಡ್ತವಾ. ಇವತ್ತ ಬ್ಯಾಡ ಬಿಡು. ನೀ ಮಲಕೋ ಹೋಗು,” ಎಂದ. ಚಹಾಕ್ಕೂ ನಿಲ್ಲಲಿಲ್ಲ. ಅವ್ವ ಕೈ ಬೀಸಿದಳು. ನಾನು ಒಳಗೆ ಹೋಗಿ ಹನ್ನೊಂದರವರೆಗೆ ಸುಖವಾಗಿ ಮಲಗಿದೆ.

ಶ್ರಾವಣದಲ್ಲಿ ಅವ್ವನಿಗೆ ಎದೆ ಹಿಡಿಯಿತು. ಬೆಳಗಾವಿಯ ದವಾಖಾನೆಯಲ್ಲಿ ವಾರವಿದ್ದು ಬಂದಳು. ಗಂಡಾಂತರ ದಾಟಿತು, ಆದರೆ ಇನ್ನು ಮೆಟ್ಟಿಲು ಬೇಡ, ದೂರದ ಪ್ರಯಾಣ ಬೇಡ, ಗಾಬರಿ ಬೀಳುವ ಯಾವುದೂ ಬೇಡ ಎಂದರು ಡಾಕ್ಟರು. ಮಾಮಾ ಟೋಪಿ ಕೈಯಲ್ಲಿ ಹಿಡಿದುಕೊಂಡು, “ಸಣ್ಣ ಜೋಕಾಲಿ ನಡೀತೈತೇನ್ರಿ ಸಾಹೇಬ್ರ? ಭಾಳ ಮ್ಯಾಲ ಹೋಗೂದಿಲ್ಲ ಅದು,” ಎಂದು ಕೇಳಿದ. ಡಾಕ್ಟರು ನಕ್ಕರು. ಅವನ ಮಾತಿಗೆ ಯಾವಾಗಲೂ ನಗುವ ನಾನು ಅವತ್ತು ನಗಲಿಲ್ಲ.

ದೀಪಾವಳಿಗೆ ಗೋಕಾಕಕ್ಕೆ ಹೋದಾಗ ಮಾಮಾ ಕಟ್ಟೆಯ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದ. ನಾನೂ ಕೂತು ನಾಲ್ಕು ಕಾಯಿ ಸುಲಿದೆ. ಕೊನೆಗೆ ತಡೆಯಲಾಗದೆ ಹೇಳಿದೆ: “ಮಾಮಾ, ಅವತ್ತ ನಾ ಬೇಕಂತನ ಕೇಳಿದ್ನಿ.”

“ಗೊತ್ತೈತಿ,” ಎಂದ, ತಲೆ ಎತ್ತದೆ.

“ಗೊತ್ತಿದ್ದೂ ಯಾಕ ತಿರುಗಿಸಿದಿ ಗಾಡಿ?”

“ನಾ ಎಲ್ಲಿ ತಿರುಗಿಸಿದ್ನಿ? ಅವತ್ತ ಯಾರ್ ಏನ್ ಕೇಳಿದ್ರೂ ಹೋಗೂದ ಅಂತ ಪೂಜಿ ಮಾಡುಮುಂದ ಗಟ್ಟಿ ಮಾಡ್ಕೊಂಡ ಬಂದಿದ್ನಿ. ತಿರುಗ್ಸು ಅಂದಾಕಿ ನಿಮ್ಮವ್ವ.” ಸೇಂಗಾದ ಸಿಪ್ಪೆಯನ್ನು ಒಂದು ಕಡೆ ಸರಿಸಿದ. “‘ಹುಡುಗಿ ಮಾರಿ ನೋಡೋ, ಪೂರಾ ಸೋತೈತಿ. ಆಕಿಗೆ ಬರೂ ಮನಸಿಲ್ಲ. ಶಕುನಾ ಕೆಡ್ತು ಅಂತ ಹೇಳಿ ನಡಿ, ಇಲ್ಲಾಂದ್ರ ಆಕಿ ಮನಸಿಗಿ ಹತ್ತತೈತಿ’ ಅಂದ್ಲು. ನಾ ಹಂಗ ಹೇಳಿದ್ನಿ.”

ಆಮೇಲೆ ಸುಲಿದ ಸೇಂಗಾವನ್ನು ನನ್ನ ಅಂಗೈಗೆ ಸುರುವಿದ.

ಈಗ ನಾನು ಶನಿವಾರ ತಪ್ಪದೆ ಮೂಡಲಗಿಗೆ ಹೋಗುತ್ತೇನೆ. ಅವ್ವನ ಗುಳಿಗೆ ಎಣಿಸಿಡುತ್ತೇನೆ, ಕಾಲು ಒತ್ತುತ್ತೇನೆ. ತಪ್ಪಾಯಿತು ಎಂದು ಹೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಆಕೆಗೆ ಗೊತ್ತಿಲ್ಲ ಎಂದುಕೊಂಡಿದ್ದಾಗಲೇ ಹೇಳುವುದು ಕಷ್ಟವಾಗಿತ್ತು. ಗೊತ್ತಿದ್ದೂ ನನ್ನನ್ನು ಮಲಗಲು ಬಿಟ್ಟು ಹೋದಳು ಎಂದು ತಿಳಿದ ಮೇಲೆ ಬಾಯಿಯೇ ಬರುತ್ತಿಲ್ಲ. ಕಾಲು ಒತ್ತುವಾಗ ಅವ್ವ ಮಾತ್ರ ಪ್ರತಿ ಸಲವೂ ಮೆಲ್ಲಗೆ ಒಂದೇ ಮಾತು ಹೇಳುತ್ತಾಳೆ: “ಸಾಕ್ ಬಿಡವಾ, ವಾರೆಲ್ಲಾ ಸಾಲಿ ಮಾಡಿ ದಣದಿರ್ತಿ.”