ನಾಲ್ಕು ತಮಟೆಗೆ ಅಡ್ವಾನ್ಸು

ನಮ್ಮ ಚಿಕ್ಕಪ್ಪನಷ್ಟು ಮುಂದಾಲೋಚನೆ ಇರುವ ಮನುಷ್ಯ ಇಡೀ ಕೆಜಿಎಫ್‌ನಲ್ಲಿ ಇನ್ನೊಬ್ಬನಿಲ್ಲ. ಬೇರೆಯವರು ನಾಳೆಗೆ ಏನು ಸಾರು ಅಂತ ಯೋಚಿಸುವ ಹೊತ್ತಿಗೆ ಅವನು ತನ್ನ ಹೆಣದ ಮುಂದೆ ತಮಟೆ ಬಡಿಯುವವರಿಗೆ ಅಡ್ವಾನ್ಸು ಕೊಟ್ಟು ಬಂದಿದ್ದ. ಇಂಥವನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ತಪ್ಪು ನನ್ನದೇ. ಬಂಗಾರಪೇಟೆಯಲ್ಲಿ ಒಂದು ಭಾನುವಾರ ದುಡ್ಡು ನಿಭಾಯಿಸುವುದು ಹೇಗೆ ಅಂತ ತರಬೇತಿ ಇತ್ತು. ಉಚಿತ, ಮಧ್ಯಾಹ್ನ ಪಲಾವ್ ಬೇರೆ. ನಾನು ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದವನು. ಎಲ್ಲಿ ಪಾಠ ಅಂದರೂ ಹೋಗಿ ಮುಂದಿನ ಸಾಲಿನಲ್ಲಿ ಕೂರುವ ಚಟ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಪಾರ್ಟ್‌ಮೆಂಟಿನ ಗೇಟು ಕಾಯುವ ಚಿಕ್ಕಪ್ಪನನ್ನೂ, ರಜೆ ಇತ್ತಲ್ಲ ಅಂತ, ಎಳೆದುಕೊಂಡು ಹೋದೆ.

ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ನಿಮ್ಮ ಗುರಿ ಏನು, ಅದಕ್ಕೆ ಎಷ್ಟು ಬೇಕು, ಯಾವಾಗ ಬೇಕು, ಮೂರೇ ಪ್ರಶ್ನೆ. ಯಾರೋ ಸ್ಕೂಟರ್ ಅಂತ ಬರೆದರು, ಯಾರೋ ಮಗಳ ಮದುವೆ ಅಂತ. ಚಿಕ್ಕಪ್ಪ ಬರೆದದ್ದು: 'ನನ್ನ ಸಾವು.'

ಮೇಡಂ ಎರಡು ಸಲ ಓದಿದರು. "ಸರ್, ಇದು ಗುರಿ ಅಲ್ಲ."

"ಈ ರೂಮ್ನಾಗೆ ಗ್ಯಾರಂಟಿಯಾಗಿ ಆಗೋದು ಇದೊಂದೇ ಮೇಡಂ. ಸ್ಕೂಟ್ರು ಬರ್ದೇನೂ ಓಗ್ಬೋದು."

"ಯಾವಾಗ ಅನ್ನೋದನ್ನ ಖಾಲಿ ಬಿಟ್ಟಿದ್ದೀರಲ್ಲ?"

"ಪೆನ್ಸಿಲ್ ಕೊಡಿ, ಬರ್ಕೊಂತೀನಿ. ಅಳ್ಸಾಕೆ ಆಗ್ಬೇಕಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ನಮ್ಮ ತಾತನ ಕಥೆ ನನಗೆ ಗೊತ್ತಿತ್ತು. ತಾತ ಇಲ್ಲಿನ ನಂದಿದುರ್ಗ ಚಿನ್ನದ ಗಣಿಯಲ್ಲಿ ಇಳಿದು ಹತ್ತಿದವರು. ನಮ್ಮ ಗಣಿ ಕಾರ್ಮಿಕರ ಲೈನ್ ಮನೆಗಳ ಕಡೆ ಮನುಷ್ಯ ಎಂಥವನು ಅನ್ನುವುದು ಅವನ ಹೆಣದ ಮುಂದೆ ಎಷ್ಟು ತಮಟೆ ಬಡಿದವು ಅನ್ನುವುದರ ಮೇಲೆ ತೀರ್ಮಾನ. ತಾತನಿಗೆ ಹದಿನಾರು ತಮಟೆ, ಹೂವಿನ ಪಲ್ಲಕ್ಕಿ, ದಾರಿಯುದ್ದಕ್ಕೂ ಪಟಾಕಿ. ಎಲ್ಲ ಬಡ್ಡಿ ಸಾಲ. ತಾತ ಅರ್ಧ ದಿನದಲ್ಲಿ ಮಣ್ಣಾದರು. ಚಿಕ್ಕಪ್ಪ ಒಂಬತ್ತು ವರ್ಷ ಅವರನ್ನು ಹೂಳುತ್ತಲೇ ಇದ್ದ. ತಾನು ಸತ್ತ ದಿನ ಚಿಕ್ಕಮ್ಮ ಅದೇ ಬಡ್ಡಿಯವನ ಬಾಗಿಲಿಗೆ ಹೋಗಿ ನಿಲ್ಲಬಾರದು, ಅವನಿಗೆ ಬೇಕಾಗಿದ್ದು ಇಷ್ಟೇ.

ತರಬೇತಿಯಲ್ಲಿ ಹೇಳಿದ್ದನ್ನೆಲ್ಲ ಅಷ್ಟು ಚಾಚೂ ತಪ್ಪದೆ ಮಾಡಿದವನು ಅವನೊಬ್ಬನೇ ಇರಬೇಕು. ಯಾವುದನ್ನು ಕೊಳ್ಳುವ ಮೊದಲೂ ಮೂರು ಕಡೆ ವಿಚಾರಿಸಿ ಅಂದಿದ್ದರಲ್ಲ, ಎರಡು ಕಡೆ ವಿಚಾರಿಸಿಕೊಂಡು ಬಂದು, ಮೂರನೆಯದಕ್ಕೆ ಆಂಡರ್ಸನ್‌ಪೇಟೆಯ ತಮಟೆಯವನ ಮನೆಗೆ ನನ್ನನ್ನೂ ಕರೆದುಕೊಂಡು ಹೋದ.

"ಯಾರ್ಗಣ್ಣ? ಯಾವಾಗ?" ಅಂತ ತಮಟೆಯವನು ಎದ್ದೇ ಬಿಟ್ಟ.

"ಕೂತ್ಕೊಳ್ಳಪ್ಪ, ಅವಸ್ರ ಇಲ್ಲ. ನನಗೇನೆ. ನಾಲ್ಕು ಜನಕ್ಕೆ ಎಷ್ಟು?"

"ನಾಲ್ಕು ಸಾಲಲ್ಲಣ್ಣ. ನಾಕೇ ಬಡ್ಕೊಂಡು ಓಗಾಕೆ ನೀನೇನು ನಾಯಿನಾ? ಎಂಟ್ ಮಾಡ್ಕೋ."

"ನಾಲ್ಕೇ. ನಾನು ಸತ್ತಿರ್ತೀನಿ, ನಂಗ್ಯಾತಕ್ಕೆ ಗದ್ಲ?"

ಈಗಿನ ರೇಟಿಗೇ ಆಗ ಬಡಿಯಬೇಕು ಅಂತ ಕಡ್ಡಿ ಮುರಿದಂತೆ ಮಾತಾಡಿ ಎರಡು ಸಾವಿರ ಅಡ್ವಾನ್ಸು ಕೊಟ್ಟ. ಹೂವಿನಂಗಡಿಯಲ್ಲಿ ಗುಲಾಬಿ ಬೇಡ, ಚೆಂಡು ಹೂವು ಸಾಕು ಅಂದ. ಅಂಗಡಿಯವಳು ಮದುವೆಗೇನೋ ಅಂದುಕೊಂಡು ಹೆಣ್ಣಿನ ಕಡೆಯವರಾ, ಗಂಡಿನ ಕಡೆಯವರಾ ಅಂತ ಕೇಳಿದಳು. "ಒಂದೇ ಕಡೆಯವ್ರಮ್ಮ" ಅಂದ.

ಉಳಿತಾಯಕ್ಕೆ ದಾರಿ ಬೇಕಲ್ಲ? ಆಟೋ ಬಿಟ್ಟ, ನಡೆದ. ಮಧ್ಯಾಹ್ನದ ಟೀ ಬಿಟ್ಟ. ಉಳಿದದ್ದೆಲ್ಲ ಒಂದು ಡಬ್ಬಿಗೆ ಬಿತ್ತು. ಕೆಮ್ಮು ಹಿಡಿದಾಗ ಔಷಧಿ ಬಿಟ್ಟು ಲವಂಗ ಅಗಿದ. ಮಳೆಗಾಲದ ಕೆಮ್ಮು ಚಳಿಗಾಲಕ್ಕೂ ನಿಲ್ಲಲಿಲ್ಲ. ಪ್ಯಾಂಟಿಗೆ ಹುರಿ ಕಟ್ಟುವಷ್ಟು ಸೊರಗಿದ. ಒಂದು ದಿನ ಕರವಸ್ತ್ರದಲ್ಲಿ ಕೆಂಪು ಕಂಡು ನಾನು ಹಟ ಹಿಡಿದೆ.

"ಡಬ್ಬಿಯಲ್ಲಿ ದುಡ್ಡು ಐತಲ್ಲ ಚಿಕ್ಕಪ್ಪ, ಆಸ್ಪತ್ರೆಗೆ ಹೋಗೋಣ."

"ಅದು ಸಾಯಾಕೆ ಇಟ್ಟಿರೋದು ಕಣ್ಲಾ, ಬದುಕಾಕಲ್ಲ. ಒಂದಕ್ಕೆ ಇಟ್ಟಿದ್ದನ್ನ ಇನ್ನೊಂದಕ್ಕೆ ಮುಟ್ಬಾರ್ದು ಅಂತ ಮೇಡಂ ಏಳ್ಲಿಲ್ವಾ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಹೋಗಿ ಇನ್ನೊಂದು ಪೊಟ್ಟಣ ಲವಂಗ ತಂದುಕೊಟ್ಟೆ.

ಚಿಕ್ಕಮ್ಮನಿಗೆ ಕೆಮ್ಮು ಗೊತ್ತಿತ್ತು; ಡಬ್ಬಿ, ಅಡ್ವಾನ್ಸು ಯಾವುದೂ ಗೊತ್ತಿರಲಿಲ್ಲ. ಒಂದು ದಿನ ಚಿಕ್ಕಮ್ಮನ ಜೊತೆ ನಾನೂ ಸಂತೆಗೆ ಹೋಗಿದ್ದಾಗ ತಮಟೆಯವನ ಹೆಂಡತಿ ಸಿಕ್ಕಿ, "ಅಕ್ಕಾ, ಅಣ್ಣ ಎಂಗವ್ನೆ? ನಮ್ಮೋರು ದಿನಾ ಕೇಳ್ತಾ ಇರ್ತಾರೆ" ಅಂದಳು. ಯಾಕೆ ಕೇಳುತ್ತಾರೆ ಅನ್ನುವುದೂ ಹೊರಗೆ ಬಂತು. ಚಿಕ್ಕಮ್ಮ ತರಕಾರಿ ಚೀಲವನ್ನು ಅಲ್ಲೇ ನನ್ನ ಕೈಗೆ ಕೊಟ್ಟು ಸೀದಾ ಆಂಡರ್ಸನ್‌ಪೇಟೆಗೆ ನಡೆದಳು. ಹಿಂದೆ ನಾನು.

"ಅಡ್ವಾನ್ಸು ವಾಪಸ್ ಕೊಡಪ್ಪ" ಅಂದಳು.

ಅವನು ಗೂಡಿನಿಂದ ನೋಟು ತೆಗೆದು ಕೊಟ್ಟ. ಮಡಿಚಿದ್ದು ಮಡಿಚಿದ ಹಾಗೇ ಇತ್ತು. "ಖರ್ಚು ಮಾಡಾಕೆ ಮನಸ್ಸೇ ಬರ್ಲಿಲ್ಲಕ್ಕ."

ಮಾರನೆಯ ದಿನ ಚಿಕ್ಕಮ್ಮ ನಾನು ತೋರಿಸಿದ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಚಿಕ್ಕಪ್ಪ ಕೂಗಾಡಿದ, ಕೆಮ್ಮು ಬಂದು ನಿಲ್ಲಿಸಿದ. ಮೂವರೂ ಬೆಂಗಳೂರಿಗೆ ಹೋದೆವು. ಎರಡು ಪರೀಕ್ಷೆ, ಒಂದು ಸ್ಕ್ಯಾನು, ಒಂದು ಚೀಲ ಮಾತ್ರೆ, ಡಬ್ಬಿ ಖಾಲಿ. ಡಾಕ್ಟರು ಹೆಚ್ಚು ಮಾತಾಡಲಿಲ್ಲ. "ಆರು ತಿಂಗಳ ಹಿಂದೆ ಬರಬೇಕಿತ್ತು. ಮಾತ್ರೆ ತಪ್ಪಿಸಬೇಡಿ, ನೋಡೋಣ" ಅಂದರು. ಆ 'ನೋಡೋಣ' ನನಗೆ ಹಿಡಿಸಲಿಲ್ಲ.

ಸಂಜೆಯ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಪ್ಪನ ಮುಖ ನೋಡಿ ಯಾರೋ ಎದ್ದು ಕಿಟಕಿ ಪಕ್ಕದ ಸೀಟು ಕೊಟ್ಟರು. ಮಾಲೂರಿನಲ್ಲಿ ಅದರ ಪಕ್ಕದ್ದೂ ಖಾಲಿಯಾಗಿ ಚಿಕ್ಕಮ್ಮ ಕೂತಳು. ನಾನು ಕಂಬಿ ಹಿಡಿದು ನಿಂತಿದ್ದೆ.

"ಎಲ್ಲಾ ಓಯ್ತು" ಅಂದ ಚಿಕ್ಕಪ್ಪ. "ಸತ್ರೆ ಎಷ್ಟಾಗುತ್ತೆ ಅಂತ ರೂಪಾಯಿ ರೂಪಾಯಿ ಲೆಕ್ಕ ಆಕಿದ್ದೆ ಕಣೆ. ಬದುಕಿದ್ರೆ ಎಷ್ಟಾಗುತ್ತೆ ಅಂತ ಆಕಿಲ್ಲ."

"ನಾನ್ ಆಕಿವ್ನಿ" ಅಂದಳು ಚಿಕ್ಕಮ್ಮ, ಮಾತ್ರೆಯ ಚೀಲವನ್ನು ಮಡಿಲಲ್ಲಿ ಸರಿ ಮಾಡಿಕೊಳ್ಳುತ್ತ. "ದಿನಕ್ಕೆ ಅರ್ಧ ಲೀಟ್ರು ಆಲು ಜಾಸ್ತಿ. ಅಷ್ಟೇಯ."

ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿದ. ಟೇಕಲ್ ದಾಟಿದರೂ ಈ ಕಡೆ ತಿರುಗಲಿಲ್ಲ.