ಮಧ್ಯಾಹ್ನದ ಗಿರಾಕಿಗಳ ಪರವಾಗಿ ವಿಲೀನ ಆಯೋಗಕ್ಕೆ

ಯರಗಟ್ಟಿ, 2008

ಎರಡು ವಿಡಿಯೊ ಗೇಮ್ ಕಂಪನಿಗಳ ವಿಲೀನವನ್ನು ಪರಿಶೀಲಿಸುತ್ತಿರುವ ದೂರದೇಶದ ಆಯೋಗದ ಘನ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ಸವದತ್ತಿ ತಾಲ್ಲೂಕಿನ ಯರಗಟ್ಟಿಯಲ್ಲಿ ಹೊಲಿಗೆ ಕಲಿಯುತ್ತಿರುವ ಮೀನಾ ಎಂಬ ಹೆಣ್ಣುಮಗಳು ತಮಗೆ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ತಾವೂ ತಮ್ಮ ಕಡತಗಳೂ ಕ್ಷೇಮವೆಂದು ನಂಬಿದ್ದೇನೆ. ಜಗತ್ತಿಗೇ ಆಟ ಮಾರುವ ಎರಡು ದೊಡ್ಡ ಕಂಪನಿಗಳು ಒಂದಾಗಲಿವೆಯೆಂದೂ, ಅದರಿಂದ ಆಡುವವರಿಗೆ ತೊಂದರೆಯಾದೀತೇ ಎಂದು ತಾವು ತಲೆ ಕೆಡಿಸಿಕೊಂಡಿದ್ದೀರೆಂದೂ ಭಜಿ ಕಟ್ಟಿಕೊಟ್ಟ ಪೇಪರಿನಲ್ಲಿ ಓದಿ ನನಗೆ ಕಣ್ಣು ತುಂಬಿ ಬಂತು. ತಮ್ಮ ಹೆಸರಿನ ಮೇಲೆ ಎಣ್ಣೆ ಹರಿದಿದ್ದರಿಂದ ಅದನ್ನು ಬರೆಯಲಾಗಿಲ್ಲ, ಕ್ಷಮಿಸಬೇಕು.

ಈ ವಿಷಯದಲ್ಲಿ ನಮ್ಮ ಊರು ತಮಗಿಂತ ಒಂದು ವರ್ಷ ಮುಂದಿದೆಯೆಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಇಲ್ಲಿ ಬಸ್‌ಸ್ಟ್ಯಾಂಡಿನ ಎದುರು ರಾಯಪ್ಪನವರದೊಂದು, ಪೇಟೆಯ ಓಣಿಯಲ್ಲಿ ಅಮೋಘಸಿದ್ದಪ್ಪನವರದೊಂದು, ಹೀಗೆ ಎರಡು ವಿಡಿಯೊ ಗೇಮ್ ಅಂಗಡಿಗಳಿದ್ದವು. ಎತ್ತಿನ ವ್ಯಾಪಾರದವರಂತೆ ಇಬ್ಬರೂ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಮಾತು ಮುಗಿಸಿ, ಎಲ್ಲ ಯಂತ್ರಗಳನ್ನೂ ರಾಯಪ್ಪನವರ ಅಂಗಡಿಗೆ ಸಾಗಿಸುವುದೆಂದು ನಿಶ್ಚಯಿಸಿದರು. ಒಂದೇ ಅಂಗಡಿಯಾದರೆ ಆಟದ ದರ ಏರೀತೆಂದು ಊರಲ್ಲಿ ಗುಲ್ಲೆದ್ದುದರಿಂದ ಪೇಟೆಯ ಹಿರಿಯರು ಪರಿಶೀಲನೆಗೆ ಕುಳಿತರು.

ಆ ಪರಿಶೀಲನೆಯ ಸೊಗಸನ್ನು ತಮ್ಮ ಆಯೋಗ ಕಲಿಯುವುದೇ ಒಳ್ಳೆಯದು. ಹಿರಿಯರ ಮುಂದಾಳು ಹಣಮಂತಪ್ಪನವರು ಕಾಳಿನ ದಲಾಲರು. ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಊದಿ, ಇಡೀ ಲಾಟಿನ ಗುಣ ಹೇಳಬಲ್ಲವರು. ಅದೇ ಪದ್ಧತಿಯಲ್ಲಿ ಒಂದು ಸಂಜೆ ರಾಯಪ್ಪನವರ ಅಂಗಡಿ ಹೊಕ್ಕು, ಅಲ್ಲಿದ್ದ ಗಂಡುಹುಡುಗರನ್ನು ಒಂದು ಹಿಡಿ ಕೇಳಿ, ಚಹಾ ಕುಡಿದು, "ಗಿರಾಕಿಗೆ ಏನೂ ತ್ರಾಸ ಇಲ್ಲ ಬಿಡ್ರಿ, ಮಾಲು ಚಲೋ ಐತಿ" ಎಂದು ತೀರ್ಪಿತ್ತರು. ಹೆಣ್ಣುಮಕ್ಕಳ ವಿಚಾರ ಯಾರೋ ಎತ್ತಿದಾಗ ರಾಯಪ್ಪನವರು "ಹುಡುಗ್ಯಾರು ಈ ಆಟ ಆಡಂಗಿಲ್ರೀ" ಎಂದರಂತೆ, ಹಿರಿಯರು ಹೌದೆಂದು ತಲೆದೂಗಿದರಂತೆ. ರಾಯಪ್ಪನವರ ಅಂಗಡಿಯಲ್ಲಿ ನಾವು ಕಾಣುವುದಾದರೂ ಹೇಗೆ? ಅವರು ನಮ್ಮನ್ನು ಹೊಸ್ತಿಲು ದಾಟಿಸಿದ್ದೇ ಇಲ್ಲ.

ನಾವು ಆಡುತ್ತಿದ್ದದ್ದು ಅಮೋಘಸಿದ್ದಪ್ಪನವರ ಅಂಗಡಿಯಲ್ಲಿ, ಅವರು ಊಟ ಮಾಡಿ ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ. ಆಗ ಹಣದ ಗಲ್ಲೆಯ ಮೇಲೆ ಅವರ ಹೆಂಡತಿ ಸಿದ್ದಲಿಂಗವ್ವ ಕಾಕೂ ಹತ್ತಿಯ ಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದರು. ಹೊಲಿಗೆ ಕ್ಲಾಸು ಮುಗಿಸಿ ನಾವು ಬಾಗಿಲಲ್ಲಿ ಅನುಮಾನಿಸಿದರೆ, "ಬರ್ರಿ ನಮ್ಮವ್ವಾರ, ಗಾಡಿ ಹೊಡೀರಿ, ಯಾರ ಬೈತಾರ ನಾ ನೋಡತೇನಿ" ಎನ್ನುತ್ತಿದ್ದರು. ಮಾನ್ಯರೇ, ಮನೆಯಲ್ಲಿ ಅಡುಗೆ, ಕ್ಲಾಸಿನಲ್ಲಿ ಕಾಜಾ ಗುಂಡಿ, ಓಣಿಯಲ್ಲಿ ತಲೆ ತಗ್ಗಿಸಿದ ನಡಿಗೆ; ಇಡೀ ದಿನದಲ್ಲಿ ನನಗೆ ಯಾರೂ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಹೇಳದಿದ್ದ ಜಾಗ, ಬೈಕಿನಂತೆ ಏರಿ ಕೂತು ಆಡುವ ಆ ಮೋಟಾರ್‌ಬೈಕ್ ಯಂತ್ರದ ಸೀಟೊಂದೇ. ಅದು ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ. ಕಾಕೂ ಕುಳಿತಿದ್ದಲ್ಲಿ ಈಗ ಗೊಬ್ಬರದ ಚೀಲಗಳು ಕುಳಿತಿವೆ. ರಾಯಪ್ಪನವರಂತೂ ಬಹಳ ಮರ್ಯಾದಸ್ಥರು, ನಮ್ಮನ್ನು ಕಂಡರೆ ಬಾಗಿಲಿಗೇ ಬಂದು "ಇಲ್ಲಿ ಗಂಡಹುಡುಗೂರು ಇರತಾರವ್ವಾ, ನಿಮಗ ಸರಿ ಹೋಗಂಗಿಲ್ಲ" ಎಂದು ನಗುನಗುತ್ತ ಸಾಗಹಾಕುತ್ತಾರೆ. ದರವೇನೂ ಏರಿಲ್ಲ, ಹಿರಿಯರ ತೀರ್ಪು ಅಕ್ಷರಶಃ ನಿಜವಾಯಿತು.

ಆದಕಾರಣ ತಮ್ಮಲ್ಲಿ ನನ್ನ ಅಲ್ಪ ಬೇಡಿಕೆಗಳು. ವಿಲೀನಕ್ಕೆ ಒಪ್ಪಿಗೆ ಕೊಡುವ ಮೊದಲು ತಮ್ಮ ಇಡೀ ಆಯೋಗ ಬೆಳಗಾವಿ ಬಸ್ಸು ಹತ್ತಿ, ಸೀಟು ಸಿಕ್ಕರೆ ಕುಳಿತು, ಇಲ್ಲದಿದ್ದರೆ ನಿಂತು, ನಮ್ಮೂರಿಗೆ ಮಧ್ಯಾಹ್ನವೇ ಬರಬೇಕು. ಸಂಜೆ ಬಂದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಕುಳಿತವರನ್ನಷ್ಟೇ ಕೇಳದೆ ಬಾಗಿಲಿಂದ ತಿರುಗಿ ಹೋದವರನ್ನೂ ಕೇಳಬೇಕು. ಒಪ್ಪಿಗೆಯ ಷರತ್ತುಗಳಲ್ಲಿ ಸಿದ್ದಲಿಂಗವ್ವ ಕಾಕೂ ಅವರನ್ನು ಸೇರಿಸಿ, ಜಗತ್ತಿನಲ್ಲಿ ಎಲ್ಲೆಲ್ಲಿ ಆ ಕಂಪನಿಯ ಆಟ ನಡೆಯುವುದೋ ಅಲ್ಲೆಲ್ಲ ಗಲ್ಲೆಯ ಮೇಲೆ ಒಬ್ಬ ಕಾಕೂ ಇರತಕ್ಕದ್ದೆಂದು ಮೊಹರು ಒತ್ತಬೇಕು. ಇಷ್ಟಾಗದಿದ್ದರೆ ನಮ್ಮ ಹಣಮಂತಪ್ಪನವರನ್ನೇ ತಮ್ಮ ಕುರ್ಚಿಗೆ ಕರೆಸಿಕೊಳ್ಳಿ. ಒಂದು ಚಹಾದಲ್ಲಿ ಕೆಲಸ ಮುಗಿಸಿಕೊಡುತ್ತಾರೆ.

ತಮ್ಮ ಸಮಯವನ್ನು ಇಷ್ಟು ತಿಂದುದಕ್ಕೆ ಕ್ಷಮೆಯಿರಲಿ.

ತಮ್ಮ ವಿಶ್ವಾಸಿ,
ಈಗ ಯಾವ ಅಂಗಡಿಯ ಗಿರಾಕಿಯೂ ಅಲ್ಲದ
ಮೀನಾ

ತಾ.ಕ.: ರಾಯಪ್ಪನವರ ಅಂಗಡಿಗೆ ದಿನಾ ಹೋಗುವ ನಮ್ಮ ಅಣ್ಣ ವಿಜಯ ತಂದ ಸುದ್ದಿ: ಮೋಟಾರ್‌ಬೈಕ್ ಯಂತ್ರದಲ್ಲಿ ಎಲ್ಲರಿಗಿಂತ ಮೇಲೆ, ಯಾರದೆಂದು ತಿಳಿಯದ ಮೂರೇ ಇಂಗ್ಲಿಷ್ ಅಕ್ಷರದ ಒಂದು ಹೆಸರು ಕೂತಿದೆಯಂತೆ, ವರ್ಷವಾದರೂ ಊರಿನ ಒಬ್ಬ ಹುಡುಗನಿಗೂ ಅದನ್ನು ಇಳಿಸಲಾಗಿಲ್ಲವಂತೆ. ಯಾರೋ ಬೆಳಗಾವಿಯ ಗಟ್ಟಿ ಗಂಡಸೇ ಇರಬೇಕೆಂದು ರಾಯಪ್ಪನವರು ಎಲ್ಲರಿಗೂ ತೋರಿಸಿ ಹೊಗಳುತ್ತಾರಂತೆ. ಆ ಗಂಡಸು ನಾನೇ. ದಯವಿಟ್ಟು ಅವರಿಗೆ ತಿಳಿಸಬೇಡಿ, ಅಳಿಸಿಬಿಟ್ಟಾರು. ಒಳಗೆ ಉಳಿದಿರುವುದು ಅದೊಂದೇ.